ಪರಿಸರಸ್ನೇಹಿ ಮನೆ ಅಂದರೆ ಅಮ್ಮನಿಗೆ ಇನ್ನೊಂದು ಕೆಲಸ ಅಂತಲೇ ಅರ್ಥವಾ?

ಇಬ್ಬರ ಅಮ್ಮ
ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಲ್ಲಿ ಬಾಡಿಗೆ ಮನೆ, ಎರಡನೇ ಮಹಡಿ. ದೊಡ್ಡವಳು ಯುಕೆಜಿ, ಚಿಕ್ಕವನಿಗೆ ಎಂಟು ತಿಂಗಳು. ನಾನು, ನನ್ನ ಗಂಡ ಇಬ್ಬರೂ ಕೆಲಸಕ್ಕೆ ಹೋಗುತ್ತೇವೆ. ಅತ್ತೆ ಜೊತೆಗಿದ್ದಾರೆ, ಅವರಿಗೆ ಮಂಡಿ ನೋವು.

ಕಸ ಕಡಿಮೆ ಮಾಡಬೇಕು, ಪ್ಲಾಸ್ಟಿಕ್ ಕಡಿಮೆ ಮಾಡಬೇಕು, ಮಕ್ಕಳಿಗೆ ಚಿಕ್ಕಂದಿನಿಂದಲೇ ಇದು ರೂಢಿ ಆಗಬೇಕು ಅಂತ ನನಗೂ ಆಸೆ. ಆದರೆ ಯಾರನ್ನು ಕೇಳಿದರೂ ಬರುವ ಸಲಹೆ ನೋಡಿ. ಡೈಪರ್ ಬಿಡಿ, ಬಟ್ಟೆ ಲಂಗೋಟಿ ಕಟ್ಟಿ. ಪಾತ್ರೆ ಸೋಪು ಬಿಡಿ, ಅಂಟುವಾಳ ಕುದಿಸಿ. ಅಂಗಡಿ ಬಿಸ್ಕತ್ತು ಬಿಡಿ, ಮನೆಯಲ್ಲೇ ಚಕ್ಕುಲಿ ಕರಿದಿಡಿ. ಕಸ ಕೊಡಬೇಡಿ, ಗೊಬ್ಬರ ಮಾಡಿ. ಸರಿ, ಇದನ್ನೆಲ್ಲ ಮಾಡುವುದು ಯಾರು? ವಿಡಿಯೋದಲ್ಲಿ ಗಾಜಿನ ಜಾಡಿಗೆ ಬೇಳೆ ಸುರಿಯುವುದು ತೋರಿಸುತ್ತಾರೆ, ಆ ಜಾಡಿ ತೊಳೆದು ಒಣಗಿಸುವುದು ತೋರಿಸುವುದಿಲ್ಲ.

ಹಾಗಾಗಿ ನೇರ ಪ್ರಶ್ನೆ. ಕೆಲಸ ಜಾಸ್ತಿ ಮಾಡದ, ಅಥವಾ ಮನೆಯವರೆಲ್ಲ ಹಂಚಿಕೊಳ್ಳಬಹುದಾದ ಅಭ್ಯಾಸಗಳು ಯಾವುವು? ನಿಮ್ಮ ಮನೆಯಲ್ಲಿ ಶುರುವಾಗಿ ಇನ್ನೂ ನಡೆಯುತ್ತಿರುವುದನ್ನು ಮಾತ್ರ ಹೇಳಿ. ಎಲ್ಲೋ ಓದಿದ್ದು ಬೇಡ, ಓದಿದ್ದು ನನ್ನ ಹತ್ತಿರವೇ ಬೇಕಾದಷ್ಟಿದೆ.

ತಾರಸಿ ತೋಟ
ಹಸಿ ಕಸದಿಂದ ಶುರು ಮಾಡಿ ಮೇಡಂ. ನಮ್ಮ ಮನೆಗಳ ಕಸ ತೂಗಿದರೆ ಅರ್ಧಕ್ಕಿಂತ ಜಾಸ್ತಿ ಅಡುಗೆಮನೆಯದೇ ಇರುತ್ತದೆ. ಅದೊಂದು ಮನೆಯಲ್ಲೇ ಉಳಿದರೆ ಮಿಕ್ಕಿದ್ದು ವಾಸನೆ ಬರುವುದಿಲ್ಲ, ದಿನಾ ಗಾಡಿ ಸದ್ದಿಗೆ ಕೆಳಗೆ ಓಡಬೇಕಾಗಿಲ್ಲ. ಅಂದರೆ ಇದು ಕೆಲಸ ಉಳಿಸುವ ಅಭ್ಯಾಸ.

ಬಾಡಿಗೆ ಮನೆಗೆ ಮುಚ್ಚಳ ಇರುವ ಎರಡು ದೊಡ್ಡ ಬಕೆಟ್ ಸಾಕು. ಬಣ್ಣದ ಡಬ್ಬ ಇದ್ದರೂ ಆಗುತ್ತದೆ, ಚೆನ್ನಾಗಿ ತೊಳೆದಿರಬೇಕು. ಸುತ್ತಲೂ ಸಣ್ಣ ತೂತು. ತಳಕ್ಕೆ ಒಣ ಎಲೆ ಅಥವಾ ಕೋಕೋಪೀಟ್, ಅಂದರೆ ತೆಂಗಿನ ನಾರಿನ ಪುಡಿ. ಆ ದಿನದ ಸಿಪ್ಪೆ, ಕಾಫಿ ಪುಡಿ ಗಸಿ, ಟೀ ಸೊಪ್ಪು ಹಾಕಿ, ಮೇಲೆ ಅದು ಮುಚ್ಚುವಷ್ಟು ಕೋಕೋಪೀಟ್ ಉದುರಿಸಿ, ಮುಚ್ಚಳ ಹಾಕಿ. ವಾರಕ್ಕೆರಡು ಸಲ ಕೋಲಿನಿಂದ ಕೆದಕಿ. ಶುರುವಿನಲ್ಲಿ ಒಂದು ಲೋಟ ಹುಳಿ ಮಜ್ಜಿಗೆ ಹಾಕಿದರೆ ಬೇಗ ಹಿಡಿಯುತ್ತದೆ. ಒಂದು ಬಕೆಟ್ ತುಂಬಿದ ಮೇಲೆ ಅದನ್ನು ಮುಚ್ಚಿಟ್ಟು ಇನ್ನೊಂದಕ್ಕೆ ಹೋಗಿ. ಎರಡನೆಯದು ತುಂಬುವಷ್ಟರಲ್ಲಿ ಮೊದಲನೆಯದು ಮಣ್ಣಿನ ಹಾಗೆ ಆಗಿರುತ್ತದೆ.

ಜನ ಬಿಟ್ಟುಬಿಡುವುದು ಎರಡೇ ಕಾರಣಕ್ಕೆ. ಒಂದು ವಾಸನೆ. ವಾಸನೆ ಬಂದರೆ ನೀರು ಜಾಸ್ತಿ ಆಗಿದೆ ಅಂತ ಅರ್ಥ, ಒಣ ಎಲೆ ಸೇರಿಸಿ ಕೆದಕಿ, ಒಂದೆರಡು ದಿನಕ್ಕೆ ಹೋಗುತ್ತದೆ. ಇನ್ನೊಂದು ಹುಳ. ದಪ್ಪ ಬಿಳಿ ಹುಳ ಕಂಡರೆ ಹೆದರಬೇಡಿ, ಅವು ಕಸ ತಿನ್ನುತ್ತವೆ, ಯಾರಿಗೂ ಏನೂ ಮಾಡುವುದಿಲ್ಲ. ನೋಡಲು ಆಗುವುದೇ ಇಲ್ಲ ಅಂದರೆ ಬೇವಿನ ಹಿಂಡಿ ಉದುರಿಸಿ. ತೆಂಗಿನ ಚಿಪ್ಪು, ಮೂಳೆ, ಮಾವಿನ ಓಟೆ ಹಾಕಬೇಡಿ, ಅವು ಬೇಗ ಕೊಳೆಯುವುದಿಲ್ಲ. ಉಳಿದ ಸಾರು ಸುರಿಯಬೇಡಿ, ನೀರು ಹಿಂಡಿ ತೆಗೆದು ಹೋಳು ಮಾತ್ರ ಹಾಕಿದರೆ ಪರವಾಗಿಲ್ಲ.

ಇಬ್ಬರ ಅಮ್ಮ
ವಾರಕ್ಕೆರಡು ಸಲ ಕೆದಕುವುದು ಯಾರು ಸರ್? 😀

ತಾರಸಿ ತೋಟ
ನಮ್ಮ ಮನೆಯಲ್ಲಿ ನಾನೇ. ರಿಟೈರ್ ಆಗಿದ್ದೇನೆ, ಹಾಗಾಗಿ ನನ್ನ ಮಾತನ್ನು ಅಷ್ಟು ನಂಬಬೇಡಿ.

ಕಸದ ಮಂತ್ರಿ
ಇಲ್ಲಿ ಒಬ್ಬ ಗಂಡಸಾಗಿ ಹೇಳುತ್ತೇನೆ. ನಮ್ಮ ಮನೆಯಲ್ಲಿ ಕೆಲಸ ಹಂಚಿಕೊಂಡಿಲ್ಲ, ಖಾತೆ ಹಂಚಿಕೊಂಡಿದ್ದೇವೆ. ವ್ಯತ್ಯಾಸ ಇದೆ. ಕೆಲಸ ಹಂಚಿಕೊಂಡರೆ ಹೆಂಡತಿ ನೆನಪಿಸಬೇಕು, ಗಂಡ "ಹೇಳಿದರೆ ಮಾಡುತ್ತಿದ್ದೆನಲ್ಲ" ಅನ್ನುತ್ತಾನೆ. ಖಾತೆ ಅಂದರೆ ಕಸ ಪೂರ್ತಿ ನನ್ನದು. ಕೋಕೋಪೀಟ್ ಮುಗಿದದ್ದು ನನಗೆ ಗೊತ್ತಿರಬೇಕು, ಒಣ ಕಸ ಕೊಡುವ ದಿನ ನನಗೆ ಗೊತ್ತಿರಬೇಕು, ನಾನು ಊರಿಗೆ ಹೋದರೆ ಯಾರು ಮಾಡಬೇಕು ಅಂತ ನಾನೇ ಹೇಳಿ ಹೋಗಬೇಕು. ಅಡುಗೆಮನೆ ಸಾಮಾನು ತರುವುದು ಅವಳ ಖಾತೆ. ಮಗನಿಗೆ ಒಂಬತ್ತು ವರ್ಷ, ಅವನದು ಹಾಲಿನ ಪ್ಯಾಕೆಟ್ ಮತ್ತು ಪೇಪರ್. ಹಾಲಿನ ಕವರ್ ತೊಳೆದು ಸಿಂಕ್ ಮೇಲಿನ ದಾರಕ್ಕೆ ಸಿಕ್ಕಿಸುತ್ತಾನೆ, ಗುಜರಿಗೆ ಹಾಕಿದ ದುಡ್ಡು ಅವನಿಗೇ. ಈಗ ದುಡ್ಡಿನ ಆಸೆಗೆ ಪಕ್ಕದ ಮನೆಯ ಕವರ್‌ಗಳನ್ನೂ ಕೇಳಿ ತರುತ್ತಾನೆ, ಅದೊಂದು ತಲೆನೋವು.

ಹಾಲಿನ ಕವರ್ ವಿಷಯದಲ್ಲಿ ಒಂದು ಮಾತು. ಮೂಲೆ ಪೂರ್ತಿ ಕತ್ತರಿಸಿ ಎಸೆಯಬೇಡಿ. ಆ ಚಿಕ್ಕ ಚೂರು ಯಾವ ಗುಜರಿಯವನ ಕೈಗೂ ಸಿಗುವುದಿಲ್ಲ, ಸೀದಾ ಚರಂಡಿಗೆ. ಸ್ವಲ್ಪ ಸೀಳಿ, ಚೂರು ಕವರಿಗೇ ಅಂಟಿಕೊಂಡಿರಲಿ.

ಧಾರವಾಡದ ಅಜ್ಜಿ
ತಂಗಿ, ಲಂಗೋಟಿ ವಿಷಯಕ್ಕೆ ನಾನು ಹೇಳುತ್ತೇನೆ. ನಮ್ಮ ಕಾಲದಲ್ಲಿ ಎಲ್ಲ ಬಟ್ಟೆಯದೇ, ಅದು ನಿಜ. ಆದರೆ ಆಗ ಬಾಣಂತಿ ಹೊರಗೆ ದುಡಿಯಲು ಹೋಗುತ್ತಿರಲಿಲ್ಲ, ಮನೆಯಲ್ಲಿ ನಾಲ್ಕು ಹೆಣ್ಣುಮಕ್ಕಳು, ಹಿತ್ತಲಲ್ಲಿ ಬಾವಿ. ಅದನ್ನು ಮರೆತು "ನಾವೆಲ್ಲ ಮಾಡಲಿಲ್ಲವಾ" ಅನ್ನುವವರ ಮಾತು ಕಿವಿಗೆ ಹಾಕಿಕೊಳ್ಳಬೇಡ.

ನನ್ನ ಮೊಮ್ಮಗಳಿಗೆ ಹಗಲು ಬಟ್ಟೆ, ರಾತ್ರಿಗೆ ಮತ್ತು ಹೊರಗೆ ಹೋಗುವಾಗ ಅಂಗಡಿಯದು. ಇಷ್ಟೇ ಮಾಡಿದರೂ ಖರ್ಚು ಅರ್ಧಕ್ಕಿಂತ ಕೆಳಗೆ ಬಂತು, ಕೂಸಿನ ಮೈಗೂ ಗಾಳಿ ಆಡಿತು. ಹಳೆಯ ಕಾಟನ್ ಸೀರೆ, ಪಂಚೆ ಬಹಳ ಒಗೆದು ಮೆತ್ತಗಾಗಿರುತ್ತದೆ, ಅದರಷ್ಟು ಚೆನ್ನಾಗಿ ಹೊಸ ಬಟ್ಟೆ ನೀರು ಹೀರುವುದಿಲ್ಲ. ಮೊದಲು ತಣ್ಣೀರಲ್ಲಿ ಜಾಲಿಸಬೇಕು, ಬಿಸಿನೀರು ಮೊದಲೇ ಹಾಕಿದರೆ ಕಲೆ ಕೂತುಬಿಡುತ್ತದೆ. ಘಮಘಮ ಅನ್ನುವ ಆ ಕಂಡೀಷನರ್ ಹಾಕಬೇಡ, ಬಟ್ಟೆ ನೀರು ಹೀರುವುದು ಕಡಿಮೆ ಆಗುತ್ತದೆ. ಬಿಸಿಲಿಗೆ ಹಾಕು, ಬಿಸಿಲಿಗಿಂತ ದೊಡ್ಡ ಔಷಧಿ ಇಲ್ಲ.

ಉಳಿದ ಸೀರೆ ಚೂರು ಎಸೆಯಬೇಡ. ನಮ್ಮ ಕಡೆ ಅದರಲ್ಲೇ ಕೌದಿ ಹೊಲಿಯುತ್ತಾರೆ. ನಿನಗೆ ಹೊಲಿಯಲು ಹೊತ್ತಿಲ್ಲ, ಗೊತ್ತು. ಹೊಲಿದು ಕೊಡುವವರು ಇದ್ದಾರೆ, ಅವರಿಗೆ ನಾಲ್ಕು ದುಡ್ಡು ಸಿಗಲಿ.

ಇಬ್ಬರ ಅಮ್ಮ
ಅಜ್ಜಿ, ನಿಮ್ಮ ಮೊದಲ ಪ್ಯಾರಾವನ್ನು ನಮ್ಮ ಫ್ಯಾಮಿಲಿ ಗ್ರೂಪಿಗೆ ಹಾಕಲಾ?

ಒಂದು ಅನುಮಾನ. ಬೇಸಿಗೆಯಲ್ಲಿ ನಮಗೆ ಟ್ಯಾಂಕರ್ ನೀರು. ಲಂಗೋಟಿ ಒಗೆಯಲು ಅಷ್ಟು ನೀರು ಸುರಿದರೆ ಅದೂ ಪರಿಸರಕ್ಕೆ ನಷ್ಟವೇ ಅಲ್ವಾ?

ಲೆಕ್ಕದ ಮೇಷ್ಟ್ರು
ಒಳ್ಳೆ ಪ್ರಶ್ನೆ. ಇದನ್ನು ಬ್ರಿಟನ್ನಿನ ಪರಿಸರ ಏಜೆನ್ಸಿ 2008ರಲ್ಲಿ ಲೆಕ್ಕ ಹಾಕಿತ್ತು. ಒಂದು ಮಗುವಿನ ಎರಡೂವರೆ ವರ್ಷಕ್ಕೆ ಬಳಸಿ ಎಸೆಯುವ ಡೈಪರಿನಿಂದ ಸುಮಾರು 550 ಕಿಲೋ ಇಂಗಾಲದ ಡೈಆಕ್ಸೈಡ್‌ನಷ್ಟು ಹೊರೆ, ಬಟ್ಟೆಯದರಿಂದ ಸುಮಾರು 570 ಕಿಲೋ. ಹೆಚ್ಚುಕಮ್ಮಿ ಒಂದೇ! ಯಾಕೆ ಅಂದರೆ ಅಲ್ಲಿ ಬಿಸಿನೀರಿನ ಮಷೀನು, ಕೆಲವು ಮನೆಗಳಲ್ಲಿ ಕರೆಂಟಿನ ಡ್ರೈಯರ್. ಅದೇ ಬಟ್ಟೆಯನ್ನು ಮಷೀನು ತುಂಬ ಹಾಕಿ ಒಗೆದು, ಹಗ್ಗದ ಮೇಲೆ ಒಣಗಿಸಿ, ಎರಡನೇ ಮಗುವಿಗೂ ಬಳಸಿದರೆ ಹೊರೆ ಸುಮಾರು 40 ಪರ್ಸೆಂಟ್ ಇಳಿಯುತ್ತದೆ ಅಂತ ಅವರೇ ಹೇಳಿದ್ದರು. ನಾವು ಹೇಗಿದ್ದರೂ ತಣ್ಣೀರು, ಬಿಸಿಲು. ಅದೂ ಹಳೇ ಸೀರೆ. ಹಾಗಾಗಿ ನಮ್ಮಲ್ಲಿ ಬಟ್ಟೆಯೇ ಗೆಲ್ಲುತ್ತದೆ, ಪ್ರತಿ ತುಂಡನ್ನೂ ಬೇರೆ ಬೇರೆಯಾಗಿ ನಲ್ಲಿ ಬಿಟ್ಟು ಒಗೆಯದಿದ್ದರೆ. ಜಾಲಿಸಿ ಬಕೆಟ್ಟಿಗೆ ಹಾಕಿಟ್ಟು ಒಟ್ಟಿಗೆ ಮಷೀನಿಗೆ ಹಾಕಿ.

ನೀರಿನ ವಿಷಯಕ್ಕೆ ಬಂದರೆ ಲಂಗೋಟಿಗಿಂತ ದೊಡ್ಡ ತೂತುಗಳು ಮನೆಯಲ್ಲಿವೆ. ಆರ್‌ಓ ಫಿಲ್ಟರ್ ಇದ್ದರೆ ಒಂದು ಲೀಟರ್ ಕುಡಿಯುವ ನೀರಿಗೆ ಎರಡು ಮೂರು ಲೀಟರ್ ಹೊರಗೆ ಬಿಡುತ್ತದೆ. ಆ ಪೈಪನ್ನು ಸಿಂಕಿಗೆ ಬಿಡದೆ ಒಂದು ಬಕೆಟ್ಟಿಗೆ ಬಿಡಿ, ನೆಲ ಒರೆಸಲು, ಟಾಯ್ಲೆಟ್ಟಿಗೆ ಸಾಕು. ನಲ್ಲಿಗಳಿಗೆ ಏರಿಯೇಟರ್ ಹಾಕಿಸಿ, ಅಂದರೆ ನೀರಿಗೆ ಗಾಳಿ ಬೆರೆಸಿ ಹರಿವು ಕಡಿಮೆ ಮಾಡುವ ಪುಟ್ಟ ಜಾಲರಿ. 2024ರ ಬೇಸಿಗೆಯಲ್ಲಿ ಜಲಮಂಡಳಿ ಹೋಟೆಲ್, ಅಪಾರ್ಟ್‌ಮೆಂಟುಗಳಿಗೆ ಇದನ್ನು ಕಡ್ಡಾಯ ಮಾಡಿತ್ತು, ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂತಲೂ ಹೇಳಿತ್ತು, ನೆನಪಿರಬೇಕು. ಏರಿಯೇಟರನ್ನು ನಲ್ಲಿಗೆ ತಿರುಗಿಸಿ ಹಾಕಿದರೆ ಆಯಿತು, ಮನೆ ಖಾಲಿ ಮಾಡುವಾಗ ಬಿಚ್ಚಿಕೊಂಡು ಹೋಗಬಹುದು. ಕಾವೇರಿ ನೀರನ್ನು ಸುಮಾರು 100 ಕಿಲೋಮೀಟರ್ ದೂರದಿಂದ ಪಂಪ್ ಮಾಡಿ ಮೇಲಕ್ಕೆ ತರುತ್ತಾರೆ. ಅಂದರೆ ಬೆಂಗಳೂರಿನಲ್ಲಿ ನೀರು ಉಳಿಸಿದರೆ ಕರೆಂಟೂ ಉಳಿಯಿತು ಅಂತ.

ಯಾಕಪ್ಪಾ ಇದೆಲ್ಲ
ಕೇಳುವುದಕ್ಕೆ ಚೆನ್ನಾಗಿದೆ. ನೀವು ಮೂರು ಡಬ್ಬದಲ್ಲಿ ಬೇರೆ ಮಾಡಿ ಕೊಡಿ, ಗಾಡಿಯವನು ನಿಮ್ಮ ಕಣ್ಣೆದುರೇ ಎಲ್ಲ ಒಂದಕ್ಕೇ ಸುರಿಯುತ್ತಾನೆ. ಇಷ್ಟು ಕಷ್ಟ ಪಟ್ಟು ಏನು ಪ್ರಯೋಜನ?

ಒಣ ಕಸದ ಕಡೆಯವಳು
ಅದು ಕೆಲವು ಬೀದಿಯಲ್ಲಿ ನಿಜ. ಆದರೆ ಅಲ್ಲಿಗೆ ನಿಲ್ಲಿಸಬೇಡಿ. ಬೆಂಗಳೂರಿನ ಹೊರಗಿನ ಮಂಡೂರಿನಲ್ಲಿ ನಮ್ಮೆಲ್ಲರ ಮಿಶ್ರ ಕಸ ಬೆಟ್ಟದ ಹಾಗೆ ಬೆಳೆದು, 2014ರಲ್ಲಿ ಆ ಊರಿನವರು ಬೀದಿಗೆ ಇಳಿದ ಮೇಲೆಯೇ ಅಲ್ಲಿ ಸುರಿಯುವುದು ನಿಂತಿದ್ದು. ಅದಕ್ಕೂ ಮುಂಚೆ ಮಾವಳ್ಳಿಪುರ ಅನ್ನುವ ಊರಿನಲ್ಲಿ ಸುರಿಯುತ್ತಿದ್ದರು. 2015ರಲ್ಲಿ ಹೈಕೋರ್ಟ್ ಎರಡು ಡಬ್ಬ ಒಂದು ಚೀಲ ಅಂತ ಹೇಳಿತು. ಹಸಿರು ಡಬ್ಬ ಹಸಿ ಕಸಕ್ಕೆ, ಕೆಂಪು ಡಬ್ಬ ಡೈಪರ್, ಪ್ಯಾಡ್ ಅಂಥದಕ್ಕೆ, ಚೀಲ ಒಣ ಕಸಕ್ಕೆ. ಇದು ನಮಗೆ ಶಿಕ್ಷೆ ಕೊಡಲು ಅಲ್ಲ. ಮಿಶ್ರ ಮಾಡಿದರೆ ಯಾರೋ ಒಬ್ಬರು ಅದರೊಳಗೆ ಕೈ ಹಾಕಬೇಕು. ನಿಮ್ಮ ಮಗುವಿನ ಡೈಪರ್ ಜೊತೆ ಮೆತ್ತಿಕೊಂಡ ಶಾಂಪೂ ಬಾಟಲಿಯನ್ನು ಒಬ್ಬ ಹೆಂಗಸು ಕೈಯಲ್ಲಿ ಬಿಡಿಸಬೇಕು.

ಗಾಡಿಯವರು ಒಂದಕ್ಕೇ ಸುರಿಯುತ್ತಾರೆ ಅಂದರೆ ಹಸಿ ಕಸ ಮನೆಯಲ್ಲೇ ಗೊಬ್ಬರ ಮಾಡಿ, ಒಣ ಕಸವನ್ನು ವಾರ್ಡಿನ ಒಣ ಕಸ ಸಂಗ್ರಹ ಕೇಂದ್ರಕ್ಕೆ ಅಥವಾ ಗುಜರಿಗೆ ನೀವೇ ಕೊಡಿ. ಆಮೇಲೆ ಗಾಡಿಗೆ ಹೋಗುವುದು ಕೆಂಪು ಡಬ್ಬದ್ದು ಮಾತ್ರ. ಡೈಪರನ್ನು ಪೇಪರಲ್ಲಿ ಸುತ್ತಿ, ಪೆನ್ನಿನಲ್ಲಿ ಕೆಂಪು ಗುರುತು ಹಾಕಿ. ಒಡೆದ ಗಾಜು, ಬ್ಲೇಡು ಕೂಡ ಹಾಗೇ ಬೇರೆ ಸುತ್ತಿ ಕೊಡಿ.

ಹುಳಿಮಾವು ಹುಡುಗ
ಮೇಲಿನವರು ಹೇಳಿದ್ದಕ್ಕೆ ನೂರಕ್ಕೆ ನೂರು. ನಾನು ಇನ್ನೊಂದು ಹೇಳಬೇಕು, ಬೇಜಾರು ಮಾಡಿಕೊಳ್ಳಬೇಡಿ.

ನಮ್ಮಮ್ಮ ಮನೆಕೆಲಸಕ್ಕೆ ಹೋಗುತ್ತಾರೆ. ಇಲ್ಲಿ ಎಲ್ಲರೂ ಅಮ್ಮಂದಿರ ಮೇಲೆ ಬೀಳುವ ಕೆಲಸದ ಬಗ್ಗೆ ಮಾತಾಡುತ್ತಿದ್ದೀರಿ, ಅದು ಸರಿ. ಆದರೆ ಬಹಳ ಮನೆಗಳಲ್ಲಿ ಅದು ಅಮ್ಮನ ಮೇಲೂ ಬೀಳುವುದಿಲ್ಲ, ನಮ್ಮಮ್ಮನ ಮೇಲೆ ಬೀಳುತ್ತದೆ. ಒಂದು ಮನೆಯವರು ಪಾತ್ರೆಗೆ ಅಂಟುವಾಳದ ನೀರು ಶುರು ಮಾಡಿದರು. ನೊರೆ ಕಮ್ಮಿ, ಜಿಡ್ಡು ಹೋಗುವುದಿಲ್ಲ, ಇವರು ಎರಡು ಸಲ ಉಜ್ಜಬೇಕು. ಇನ್ನೊಂದು ಮನೆಯಲ್ಲಿ ಗೊಬ್ಬರದ ಡಬ್ಬ ಕೆದಕುವುದು ಸುಮ್ನೆ ಕೆಲಸದ ಪಟ್ಟಿಗೆ ಸೇರಿಕೊಂಡಿತು. ಸಂಬಳ ಅಷ್ಟೇ ಇತ್ತು. ಅವರ ಮನೆಗೆ ಬಂದವರೆಲ್ಲ "ವಾವ್, ನೀವೇ ಗೊಬ್ಬರ ಮಾಡುತ್ತೀರಾ" ಅಂತ ಕೇಳುತ್ತಿದ್ದರಂತೆ. ಹೌದು ಅನ್ನುತ್ತಿದ್ದರಂತೆ.

ಹೊಸ ಅಭ್ಯಾಸ ತರುವ ಮುಂಚೆ ಮನೆಗೆ ಬರುವವರನ್ನು ಒಂದು ಮಾತು ಕೇಳಿ. ಕೆಲಸ ಹೆಚ್ಚಾದರೆ ದುಡ್ಡು ಹೆಚ್ಚು ಕೊಡಿ. ನಿಜವಾಗಿ ಉಪಕಾರ ಆಗುವುದು ಏನು ಗೊತ್ತಾ, ತಟ್ಟೆಯಲ್ಲಿ ಉಳಿದದ್ದನ್ನು ಬಳಿದು ಹಾಕಿ ನೀರು ಹಾಕಿಡುವುದು. ನೀರು, ಸೋಪು, ಕೈ ಮೂರೂ ಉಳಿಯುತ್ತದೆ. ಇದನ್ನು ಐದು ವರ್ಷದ ಮಗುವೂ ಮಾಡಬಹುದು.

ಇಬ್ಬರ ಅಮ್ಮ
ಇದು ನನಗೆ ಹೊಳೆದಿರಲಿಲ್ಲ. ನಮ್ಮ ಮನೆಗೂ ಒಬ್ಬರು ಬರುತ್ತಾರೆ. ಪಾತ್ರೆ ಸೋಪಿನ ತಂಟೆಗೆ ಹೋಗುವುದಿಲ್ಲ ಬಿಡಿ. ತಟ್ಟೆ ಬಳಿದಿಡುವುದು ಇವತ್ತೇ ಶುರು.

ಹಿತ್ತಲ ಮದ್ದು
ಅಂಟುವಾಳವನ್ನು ಪೂರ್ತಿ ತಳ್ಳಿಹಾಕಬೇಡಿ. ರೇಷ್ಮೆ, ಉಣ್ಣೆ ಬಟ್ಟೆಗೆ ಅದಕ್ಕಿಂತ ಒಳ್ಳೆಯದಿಲ್ಲ. ಕಿತ್ತಳೆ, ನಿಂಬೆ ಸಿಪ್ಪೆಯಿಂದ ಬಯೋ ಎಂಜೈಮ್ ಅನ್ನುವ ನೆಲ ಒರೆಸುವ ದ್ರವ ಮಾಡಿ. ಒಂದು ಪಾಲು ಬೆಲ್ಲ, ಮೂರು ಪಾಲು ಸಿಪ್ಪೆ, ಹತ್ತು ಪಾಲು ನೀರು. ಪ್ಲಾಸ್ಟಿಕ್ ಬಾಟಲಿಯಲ್ಲೇ ಮಾಡಿ, ಗಾಜಿನದು ಗ್ಯಾಸಿಗೆ ಒಡೆಯಬಹುದು. ಮೊದಲ ತಿಂಗಳು ದಿನಾ ಮುಚ್ಚಳ ಸ್ವಲ್ಪ ಸಡಿಲಿಸಿ, ಒಟ್ಟು ಮೂರು ತಿಂಗಳು ಬಿಡಿ. ಸೋಸಿ ನೀರಲ್ಲಿ ಬೆರೆಸಿ ನೆಲ ಒರೆಸಿ.

ಲೆಕ್ಕದ ಮೇಷ್ಟ್ರು
ನೆಲ ಒರೆಸಲು ಸರಿ. ಆದರೆ ಅದು ಕ್ರಿಮಿ ಕೊಲ್ಲುತ್ತದೆ ಅಂತ ನಂಬಿ ಮನೆಯಲ್ಲಿ ವಾಂತಿ ಭೇದಿ ಇದ್ದಾಗ ಅದನ್ನೇ ಬಳಸಬೇಡಿ. ಇನ್ನೊಂದು ಮುಖ್ಯ ವಿಷಯ, ಅದು ಹುಳಿ ದ್ರವ. ಬ್ಲೀಚಿಂಗ್ ಪುಡಿ ಅಥವಾ ಬ್ಲೀಚ್ ಜೊತೆ ಯಾವತ್ತೂ ಬೆರೆಸಬೇಡಿ, ಕ್ಲೋರಿನ್ ಗ್ಯಾಸ್ ಬರುತ್ತದೆ. ಮಕ್ಕಳಿರುವ ಮನೆ.

ಸಿರ್ಸಿ ಕಡೆಯವ
ಎಲ್ಲ ಬೆಂಗಳೂರಿನದೇ ಆಯಿತು, ಹಳ್ಳಿಯದೂ ಸ್ವಲ್ಪ ಕೇಳಿ. ನಮ್ಮ ಕಡೆ ಗೋಬರ್ ಗ್ಯಾಸ್ ಹಳೆಯ ಕಥೆ. ಕೊಟ್ಟಿಗೆಯಲ್ಲಿ ಎರಡು ಮೂರು ಜಾನುವಾರು ಇದ್ದರೆ ಅಡುಗೆ ನಡೆಯುತ್ತದೆ, ಗ್ಯಾಸ್ ಆಗಿ ಉಳಿದ ಸಗಣಿ ರಾಡಿ (ಸ್ಲರಿ) ಅಡಿಕೆ ತೋಟಕ್ಕೆ. ಹಸಿ ಕಸದ ಚಿಂತೆಯೇ ಇಲ್ಲ, ದನ ತಿನ್ನದ್ದು ಗೊಬ್ಬರಗುಂಡಿಗೆ. ಬಾಳೆ ಎಲೆ ಊಟ, ಅಡಿಕೆ ಹಾಳೆಯ ತಟ್ಟೆ ಎಲ್ಲ ಹಿತ್ತಲಲ್ಲೇ ಇದೆ. ಇದನ್ನು ನೋಡಿ ಪೇಟೆಯವರು ಹಳ್ಳಿ ಅಂದರೆ ಪರಿಸರಸ್ನೇಹಿ ಅಂತ ಫೋಟೋ ತೆಗೆದುಕೊಂಡು ಹೋಗುತ್ತಾರೆ.

ಅವರು ಬಚ್ಚಲ ಒಲೆ ನೋಡುವುದಿಲ್ಲ. ಬಿಸ್ಕತ್ತು ಕವರ್, ಶಾಂಪೂ ಪೊಟ್ಟಣ, ಗೊಬ್ಬರದ ಚೀಲ, ಹರಿದ ಚಪ್ಪಲಿ, ಹಿಂದೆ ಬರೀ ಅಡಿಕೆ ಸಿಪ್ಪೆ ಉರಿಸುತ್ತಿದ್ದ ಒಲೆಗೆ ಈಗ ಇದೆಲ್ಲ ಹೋಗುತ್ತದೆ. ಹಂಡೆ ನೀರು ಕಾಯುತ್ತದೆ, ಪ್ಲಾಸ್ಟಿಕ್ ಮಾಯ! ಹೊಗೆ ಮಾತ್ರ ಮನೆಯೊಳಗೇ. ಬೆಳಿಗ್ಗೆ ಒಲೆ ಮುಂದೆ ಚಳಿ ಕಾಯಿಸಲು ಕೂರುವವರು ಮಕ್ಕಳು. ಅದೇ ಬೂದಿ ಆಮೇಲೆ ತರಕಾರಿ ಪಾತಿಗೆ ಬೀಳುತ್ತದೆ. ಪ್ಲಾಸ್ಟಿಕ್ ಉರಿದರೆ ಬರುವ ವಿಷ, ಅದರಲ್ಲೂ ಪಿವಿಸಿ ಉರಿದರೆ ಬರುವ ಡಯಾಕ್ಸಿನ್, ಸಣ್ಣ ವಿಷಯ ಅಲ್ಲ.

ಈಗ ಪಂಚಾಯ್ತಿಯ ಸ್ವಚ್ಛ ವಾಹಿನಿ ಗಾಡಿ ಬರುತ್ತದೆ, ಬಹಳ ಕಡೆ ಓಡಿಸುವುದು ಹೆಣ್ಣುಮಕ್ಕಳೇ. ಒಂಟಿ ಮನೆಗಳಿಗೆ ದಿನಾ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ನಮ್ಮ ಮನೆಯಲ್ಲಿ ಮಾಡಿದ್ದು ಇಷ್ಟೇ, ಬಚ್ಚಲ ಪಕ್ಕ ಒಂದು ಅಕ್ಕಿ ಚೀಲ ನೇತು ಹಾಕಿದೆವು. ಒಲೆಗೆ ಹೋಗುತ್ತಿದ್ದ ಪ್ಲಾಸ್ಟಿಕ್ ಅದಕ್ಕೆ. ತುಂಬಿದಾಗ ಗಾಡಿಗೆ. ಅಪ್ಪಯ್ಯ ಶುರುವಿನಲ್ಲಿ ಗೊಣಗಿದ. ಮೊಮ್ಮಗಳು ಒಲೆ ಮುಂದೆ ಕಾವಲು ಕೂತ ಮೇಲೆ ಸುಮ್ಮನಾದ.

ಒಣ ಕಸದ ಕಡೆಯವಳು
ಸಿರ್ಸಿಯವರೇ, ಉಡುಪಿ ಜಿಲ್ಲೆಯ ನಿಟ್ಟೆಯಲ್ಲಿ ಹಲವು ಪಂಚಾಯ್ತಿಗಳ ಒಣ ಕಸ ಒಂದೇ ಕಡೆ ವಿಂಗಡಿಸುವ ಘಟಕ ಇದೆ. ಹಳ್ಳಿಯ ಕಸಕ್ಕೂ ದಾರಿ ಇದೆ, ಕೇಳುವವರು ಬೇಕು.

ಮ್ಯೂನಿಕ್‌ನಲ್ಲಿ ಮುದ್ದೆ
ಇಲ್ಲಿ ಜರ್ಮನಿಯಲ್ಲಿ ನೀರಿನ ಪ್ಲಾಸ್ಟಿಕ್ ಬಾಟಲಿ, ಕೂಲ್ ಡ್ರಿಂಕ್ ಕ್ಯಾನ್ ತೆಗೆದುಕೊಂಡರೆ 25 ಸೆಂಟ್ ಠೇವಣಿ ಕೊಡಬೇಕು. ಖಾಲಿ ಬಾಟಲಿಯನ್ನು ಸೂಪರ್ ಮಾರ್ಕೆಟ್ಟಿನ ಮಷೀನಿಗೆ ಹಾಕಿದರೆ ಚೀಟಿ ಬರುತ್ತದೆ, ದುಡ್ಡು ವಾಪಸ್. ನಮ್ಮ ಮಗಳಿಗೆ ಪಾಕೆಟ್ ಮನಿ ಅದೇ. ಪರಿಸರದ ಪಾಠ ನಾವು ಒಂದು ದಿನವೂ ಹೇಳಿಲ್ಲ. ಕಸದ ಮಂತ್ರಿ ಸರ್ ಮಗ ಹಾಲಿನ ಕವರ್ ಮಾರುವುದು ಓದಿ ನಗು ಬಂತು. ನಮ್ಮ ಊರಲ್ಲೂ ಗೋಲಿ ಸೋಡಾ ಬಾಟಲಿ ವಾಪಸ್ ಕೊಡದೆ ಅಂಗಡಿಯವರು ಬಿಡುತ್ತಿದ್ದರಾ?

ಯಾಕಪ್ಪಾ ಇದೆಲ್ಲ
ಸರಿ, ಕಸದ ವಿಷಯ ಒಪ್ಪಿದೆ. ಆದರೂ ನನಗೆ ಇದೆಲ್ಲ ಚಿಲ್ಲರೆ ಲೆಕ್ಕ ಅನ್ನಿಸುತ್ತದೆ. ಬಟ್ಟೆ ಚೀಲ ಹಿಡಿದುಕೊಂಡು ಕಾರಿನಲ್ಲಿ ಅರ್ಧ ಕಿಲೋಮೀಟರ್ ದೂರದ ಅಂಗಡಿಗೆ ಹೋಗುವವರನ್ನು ದಿನಾ ನೋಡುತ್ತೇನೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಎರಡು ಕಿಲೋಗಿಂತ ಜಾಸ್ತಿ ಇಂಗಾಲದ ಡೈಆಕ್ಸೈಡ್. ಸ್ಟ್ರಾ ಬಿಟ್ಟರೆ ಇದು ಸರಿಹೋಗುತ್ತದಾ?

ಲೆಕ್ಕದ ಮೇಷ್ಟ್ರು
ಇವತ್ತು ಮೊದಲ ಸಲ ನಿಮ್ಮ ಜೊತೆ ನಾನು. ಮೇಡಂ ಕೇಳಿದ ಪ್ರಶ್ನೆಗೂ ಉತ್ತರ ಇಲ್ಲೇ ಇದೆ ಅನ್ನಿಸುತ್ತದೆ. ದಿನಾ ನೆನಪಿಟ್ಟು ಮಾಡಬೇಕಾದ್ದು ಒಂದು ಜಾತಿ, ಒಂದು ಸಲ ಮಾಡಿ ಮರೆತುಬಿಡುವುದು ಇನ್ನೊಂದು ಜಾತಿ. ಪುಟ್ಟ ಮಕ್ಕಳಿರುವ ಮನೆಯವರು ಎರಡನೆಯದರಿಂದ ಶುರು ಮಾಡಬೇಕು. ದೊಡ್ಡ ಲಾಭವೂ ಅದರಲ್ಲೇ.

ಹಳೆಯ ಸೀಲಿಂಗ್ ಫ್ಯಾನ್ ಸುಮಾರು 75 ವ್ಯಾಟ್ ಎಳೆಯುತ್ತದೆ, ಕಡಿಮೆ ಕರೆಂಟಿನ ಮೋಟಾರ್ ಇರುವ ಬಿಎಲ್‌ಡಿಸಿ ಫ್ಯಾನ್ 30ರ ಆಸುಪಾಸು. ದಿನಕ್ಕೆ ಹನ್ನೆರಡು ಗಂಟೆ ಓಡಿದರೆ ತಿಂಗಳಿಗೆ ಒಂದು ಫ್ಯಾನಿಗೆ ಸುಮಾರು 16 ಯೂನಿಟ್ ಉಳಿತಾಯ. ಬಾಡಿಗೆ ಮನೆಯಾದರೂ ಫ್ಯಾನ್ ನಿಮ್ಮ ಜೊತೆ ಬರುತ್ತದೆ. ಗೃಹಜ್ಯೋತಿಯಲ್ಲಿ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಬರುತ್ತದಲ್ಲ, ಅಂಚಿನಲ್ಲಿ ಇರುವವರಿಗೆ ಇದು ದೊಡ್ಡ ವ್ಯತ್ಯಾಸ. 2 ಕಿಲೋವ್ಯಾಟ್ ಗೀಸರ್ ಅರ್ಧ ಗಂಟೆ ಉರಿದರೆ ಒಂದು ಯೂನಿಟ್. ಸ್ವಂತ ಮನೆಯವರು ಸೋಲಾರ್ ಹಾಕಿಸಿ, ಚಾವಣಿಯ ಕರೆಂಟಿಗೆ 2024ರಿಂದ ಕೇಂದ್ರದ ಸೂರ್ಯ ಘರ್ ಯೋಜನೆಯಲ್ಲಿ 3 ಕಿಲೋವ್ಯಾಟಿಗೆ 78,000 ರೂಪಾಯಿವರೆಗೆ ಸಬ್ಸಿಡಿ ಇದೆ. ಮಳೆ ನೀರಿಗೂ ಪೈಪ್ ಕೂರಿಸಿಬಿಡಿ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಅಂದರೆ ಒಂದು ಲೀಟರ್. ಬೆಂಗಳೂರಿನ ಮಳೆಗೆ 100 ಚದರ ಮೀಟರ್ ಚಾವಣಿ ಮೇಲೆ ವರ್ಷಕ್ಕೆ 90,000 ಲೀಟರಿಗಿಂತ ಜಾಸ್ತಿ ಬೀಳುತ್ತದೆ.

ಇನ್ನೊಂದು, ಮನೆ ಬದಲಿಸುವಾಗ ಶಾಲೆಗೆ ನಡೆದು ಹೋಗುವ ದೂರ ನೋಡಿ ಹಿಡಿಯಿರಿ. ಅದಕ್ಕಿಂತ ದೊಡ್ಡ ಪರಿಸರದ ತೀರ್ಮಾನ ಒಂದು ಕುಟುಂಬ ತೆಗೆದುಕೊಳ್ಳುವುದು ಕಷ್ಟ. ಸಂಜೆ ಟ್ರಾಫಿಕ್ಕಿನ ಗಂಟೆಯೂ ಉಳಿಯುತ್ತದೆ.

ಪುತ್ತೂರಿನ ಅಕ್ಕ
ಒಂದು ಸಲ ಮಾಡಿ ಮರೆಯುವುದು ಅಂದಿರಲ್ಲ, ಮುಟ್ಟಿನ ಕಪ್ ಕೂಡ ಅದೇ ಪಟ್ಟಿಗೆ. ಗಂಡಸರು ಇರುವ ಕಡೆ ಹೇಳಬಾರದು ಅಂತ ಯಾರಾದರೂ ಅಂದರೆ ಅವರೇ ಎದ್ದು ಹೋಗಲಿ. ಒಂದು ಕಪ್ ಸರಿಯಾಗಿ ನೋಡಿಕೊಂಡರೆ ವರ್ಷಗಟ್ಟಲೆ ಬರುತ್ತದೆ. ತಿಂಗಳಿಗೊಮ್ಮೆ ಕುದಿಸಿದರೆ ಆಯಿತು. 2022ರಲ್ಲಿ ನಮ್ಮ ದಕ್ಷಿಣ ಕನ್ನಡ ಮತ್ತು ಚಾಮರಾಜನಗರದಲ್ಲಿ ಆರೋಗ್ಯ ಇಲಾಖೆ ಹುಡುಗಿಯರಿಗೆ ಪ್ರಾಯೋಗಿಕವಾಗಿ ಕೊಟ್ಟಿತ್ತು. ಹೆರಿಗೆ ಆದವರು ಡಾಕ್ಟರನ್ನು ಕೇಳಿ ಶುರು ಮಾಡಿ. ಒಗ್ಗದಿದ್ದರೆ ಬಟ್ಟೆ ಪ್ಯಾಡ್, ಅದೂ ಒಗ್ಗದಿದ್ದರೆ ಅಂಗಡಿಯದೇ ಇರಲಿ, ಇದರಲ್ಲಿ ಯಾರೂ ಯಾರಿಗೂ ಬುದ್ಧಿ ಹೇಳಬಾರದು.

ಎರಡನೇ ಬೆಂಚ್ ಅಮ್ಮ
ನಾವೆಲ್ಲ ಇಷ್ಟು ಮಾಡುತ್ತೇವೆ, ಆಮೇಲೆ ಮಕ್ಕಳ ಶಾಲೆಯಿಂದ ಮೆಸೇಜ್ ಬರುತ್ತದೆ. ಹೆಸರು ಬೇಡ. ಜೂನ್ 5ರ ಪರಿಸರ ದಿನಕ್ಕೆ "ಭೂಮಿ ಉಳಿಸಿ" ಮಾಡೆಲ್ ಮಾಡಿ ತನ್ನಿ, ಥರ್ಮೊಕೋಲ್ ಶೀಟ್, ಗ್ಲಿಟರ್, ಪ್ಲಾಸ್ಟಿಕ್ ಹುಲ್ಲು ಬೇಕು. ಅಲಂಕಾರದ ಥರ್ಮೊಕೋಲ್ 2022ರ ಜುಲೈ 1ರಿಂದ ದೇಶದಲ್ಲೇ ನಿಷೇಧ! ಕಸದಿಂದ ರಸ ಅಂತ ಇನ್ನೊಂದು, ಅದಕ್ಕೆ ಹೊಸ ಪೇಪರ್ ಕಪ್ ಪ್ಯಾಕೆಟ್ ತರಬೇಕು, ಮನೆಯಲ್ಲಿ ಕಸ ಸಾಲುವುದಿಲ್ಲ ನೋಡಿ.

ನಾವು ನಾಲ್ಕು ಜನ ಅಮ್ಮಂದಿರು ಸೇರಿ ಟೀಚರ್ ಹತ್ತಿರ ಮಾತಾಡಿದೆವು, ಜಗಳ ಅಲ್ಲ. ರಟ್ಟು, ಜೇಡಿಮಣ್ಣು ಸಾಕು ಅಂತ ಒಪ್ಪಿದರು. ಅವರಿಗೂ ಮೇಲಿನಿಂದ ಬರುವ ಪಟ್ಟಿ ಅದು, ಯಾರೂ ಪ್ರಶ್ನೆ ಕೇಳಿರಲಿಲ್ಲ ಅಷ್ಟೇ.

ಹುಟ್ಟುಹಬ್ಬಕ್ಕೆ ಸ್ಟೀಲ್ ತಟ್ಟೆ ಲೋಟ ತನ್ನಿ. ಬೆಂಗಳೂರಿನಲ್ಲಿ ಅದಮ್ಯ ಚೇತನ ಸಂಸ್ಥೆಯವರು ತಟ್ಟೆ ಎರವಲು ಕೊಡುವ ತಟ್ಟೆ ಬ್ಯಾಂಕ್ ಇದೆ, ಬೇರೆ ಬಡಾವಣೆಗಳಲ್ಲೂ ಕೆಲವರು ಇಟ್ಟಿದ್ದಾರೆ. ಇಲ್ಲದಿದ್ದರೆ ಶಾಮಿಯಾನದವರ ಹತ್ತಿರ ಬಾಡಿಗೆಗೆ ಸಿಗುತ್ತದೆ. ತೊಳೆಯುವುದಕ್ಕೆ ಆಳು ಇಟ್ಟು ದುಡ್ಡು ಕೊಡಿ (ಹುಳಿಮಾವಿನವರ ಮಾತು ನೆನಪಿದೆ). ಮೀನು, ಕೋಳಿ ಅಂಗಡಿಗೂ ಡಬ್ಬಿ ತೆಗೆದುಕೊಂಡು ಹೋಗಿ. ಅಂಗಡಿಯವರೇ ಡಬ್ಬಿ ತೂಕ ಕಳೆದು ತೂಗುತ್ತಾರೆ, ಕೊಡುವ ಮುಂಚೆ ಕೇಳಿ.

ಧಾರವಾಡದ ಅಜ್ಜಿ
ಉಡುಗೊರೆ ಕೊಡಲೇಬೇಕು ಅಂದರೆ ಮಕ್ಕಳ ಚಿಕ್ಕದಾದ ಬಟ್ಟೆ ಒಗೆದು ಇಸ್ತ್ರಿ ಮಾಡಿ ಕೊಡಿ. ನಮ್ಮ ಮನೆಯಲ್ಲಿ ಹುಟ್ಟಿದ ಕೂಸಿಗೆ ಮೊದಲು ಹಳೇ ಬಟ್ಟೆಯನ್ನೇ ಹಾಕುತ್ತಿದ್ದೆವು. ಈಗ ಅದಕ್ಕೆ ನಾಚಿಕೆ ಯಾಕೆ?

ಇಬ್ಬರ ಅಮ್ಮ
ರಾತ್ರಿ ಎಲ್ಲ ಓದಿ ಗಂಡನಿಗೂ ಓದಿಸಿದೆ. ಸದ್ಯಕ್ಕೆ ತೀರ್ಮಾನ ಹೀಗೆ. ನಲ್ಲಿಗೆ ಏರಿಯೇಟರ್, ಹಾಲ್‌ನಲ್ಲಿರುವ ಹಳೇ ಫ್ಯಾನ್ ಬದಲಾವಣೆ, ಆರ್‌ಓ ಪೈಪಿಗೆ ಬಕೆಟ್. ಹಗಲು ಲಂಗೋಟಿ, ಅತ್ತೆಯ ಹಳೆ ಸೀರೆಗಳು ಸಿಕ್ಕವು, ಅವರೇ ಖುಷಿಯಿಂದ ಕತ್ತರಿಸುತ್ತಿದ್ದಾರೆ. ತಟ್ಟೆ ಬಳಿಯುವುದು ಮಗಳ ಖಾತೆ. ಕಸದ ಖಾತೆ ಪೂರ್ತಿ ಗಂಡನಿಗೆ. ಸೋಪು, ಚಕ್ಕುಲಿ, ಗಾಜಿನ ಜಾಡಿ ನಾನು ಮಾಡುವುದಿಲ್ಲ, ಬೈದರೂ ಪರವಾಗಿಲ್ಲ.

ಈಗ ಫೋನ್ ಗಂಡನ ಕೈಗೆ ಕೊಡುತ್ತೇನೆ, ಏನೋ ಕೇಳಬೇಕಂತೆ.

ನಮಸ್ಕಾರ, ಖಾತೆ ವಹಿಸಿಕೊಂಡವನು. ನಾನು ಏನೂ ಮಾಡುವುದೇ ಇಲ್ಲ ಅನ್ನುವ ಹಾಗೆ ಮೇಲೆ ಬರೆದಿದ್ದಾಳೆ, ಬಟ್ಟೆ ಮಡಿಸುವುದು ನಾನೇ ಅಂತ ದಾಖಲೆಗೆ ಇರಲಿ. ಪ್ರಶ್ನೆ ಏನಂದರೆ, ಬಾಲ್ಕನಿಯಲ್ಲಿ ಬಕೆಟ್ ಇಟ್ಟರೆ ಇಲಿ ಬರುವುದಿಲ್ಲವಾ? ಕೆಳಗೆ ನೀರು ಸೋರಿದರೆ ಓನರ್ ಬಿಡುವುದಿಲ್ಲ. ತೂತು ಎಷ್ಟು ದೊಡ್ಡದಿರಬೇಕು?

ಕಸದ ಮಂತ್ರಿ
ಸ್ವಾಗತ ಸಹೋದ್ಯೋಗಿಗಳೇ.

ತಾರಸಿ ತೋಟ
ತೂತು ಪೆನ್ಸಿಲ್ ತುದಿಯಷ್ಟು ಸಾಕು, ಕಬ್ಬಿಣದ ಕಡ್ಡಿ ಕಾಯಿಸಿ ಚುಚ್ಚಿ, ಕಿಟಕಿ ತೆಗೆದಿಟ್ಟುಕೊಳ್ಳಿ. ಬದಿಗಳಲ್ಲಿ ಮಾತ್ರ ಮಾಡಿ, ತಳದಲ್ಲಿ ಬೇಡ, ಆಗ ಸೋರುವುದಿಲ್ಲ. ಆದರೂ ಕೆಳಗೆ ಒಂದು ಹಳೇ ತಟ್ಟೆ ಇಡಿ. ತಳಕ್ಕೆ ನಾಲ್ಕು ಬೆರಳು ದಪ್ಪ ಕೋಕೋಪೀಟ್ ಹಾಕಿದರೆ ನೀರೆಲ್ಲ ಅದೇ ಹೀರುತ್ತದೆ. ಇಲಿ ಬರುವುದು ಮಾಂಸ, ಎಣ್ಣೆ ತಿಂಡಿ, ಅನ್ನದ ವಾಸನೆಗೆ. ಮೊದಲ ತಿಂಗಳು ಬರೀ ತರಕಾರಿ ಸಿಪ್ಪೆ, ಹಣ್ಣಿನ ಸಿಪ್ಪೆ ಹಾಕಿ, ಮುಚ್ಚಳದ ಮೇಲೆ ಇಟ್ಟಿಗೆ ಇಡಿ. ಕೋಕೋಪೀಟ್ ಇಟ್ಟಿಗೆ ಆಕಾರದಲ್ಲಿ ನರ್ಸರಿಗಳಲ್ಲಿ ಸಿಗುತ್ತದೆ. ನೀರಲ್ಲಿ ನೆನೆಸಿ, ಹಿಂಡಿ, ಒಂದು ದಿನ ಆರಲು ಬಿಡಿ. ಒದ್ದೆಯಾಗಿಯೇ ಹಾಕಿದರೆ ಹೀರುವುದಿಲ್ಲ. ಮುಷ್ಟಿಯಲ್ಲಿ ಹಿಂಡಿದರೆ ನೀರು ತೊಟ್ಟಿಕ್ಕಬಾರದು, ಅಷ್ಟು ನೋಡಿಕೊಳ್ಳಿ.